ಶರಣಾದ ಗಾಬ್ಲಿನ್‌ಗೆ ಕೊಟ್ಟ ಮಾತು

ಪ್ರಶ್ನೆ: ಒಂದೂವರೆ ವರ್ಷದಿಂದ ಮೈಸೂರಿನ ನಮ್ಮ ಮನೆಯಲ್ಲಿ ಭಾನುವಾರಗಳಂದು ಐವರು ಗೆಳೆಯರಿಗೆ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ (ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಎಸೆಯುತ್ತ ಕಥೆ ಕಟ್ಟುವ ಮೇಜಿನಾಟ) ಐದನೇ ಆವೃತ್ತಿಯ ಆಟ ನಡೆಸುತ್ತಿದ್ದೇನೆ. ಕಳೆದ ವಾರ ಗುಹೆಯೊಂದರಲ್ಲಿ ಗಾಬ್ಲಿನ್‌ಗಳೆಂಬ ಕುಳ್ಳ ಜೀವಿಗಳ ನಾಯಕ ಕತ್ತಿ ಕೆಳಗಿಟ್ಟು ಶರಣಾದ. ಪ್ಯಾಲಡಿನ್ (ಪ್ರತಿಜ್ಞೆ ತೊಟ್ಟ ವೀರ) ಪಾತ್ರದ ಗೆಳತಿ 'ನಿನ್ನ ಜೀವಕ್ಕೆ ನಾನು ಹೊಣೆ' ಎಂದಳು. ಅಷ್ಟರಲ್ಲೇ ರೋಗ್ (ಕಳ್ಳ) ಪಾತ್ರದವನು ನಾಯಕನ ಕುತ್ತಿಗೆ ಕೊಯ್ದುಬಿಟ್ಟ. ಒಳಗಿನ ಕೋಣೆಯಲ್ಲಿ ಹನ್ನೆರಡು ಗಾಬ್ಲಿನ್ ಮರಿಗಳು ಸಿಕ್ಕವು. ಅವುಗಳನ್ನು ಏನು ಮಾಡಬೇಕೆಂದು ಎರಡು ಗಂಟೆ ಜಗಳವಾಗಿ ಆಟ ಅಲ್ಲಿಗೇ ನಿಂತಿದೆ. ಇದರಲ್ಲಿ ಸರಿ ಯಾರು? ಇನ್ನೊಂದು ತೊಂದರೆಯೆಂದರೆ, ನಮ್ಮಲ್ಲಿ ಮಾನ್‌ಸ್ಟರ್‌ಗಳ ಜೊತೆ ಮಾತುಕತೆಯೇ ನಡೆಯುವುದಿಲ್ಲ. ಒಂದೋ ಕತ್ತಿ, ಇಲ್ಲವೇ ಬಾರ್ಡ್ (ಮಾತುಗಾರ ಗಾಯಕ) ಪಾತ್ರದವನು ಮಾತಿನ ಕೌಶಲಕ್ಕೆ ದಾಳ ಎಸೆದು 'ಇಪ್ಪತ್ತೇಳು' ಎನ್ನುತ್ತಾನೆ, ಎಲ್ಲವೂ ಮುಗಿದುಹೋಗುತ್ತದೆ. ಏನು ಮಾಡಲಿ?

ಉತ್ತರ: ಮೊದಲು ಒಂದು ಕಹಿ ಮಾತು. ಆ ಹನ್ನೆರಡು ಮರಿಗಳನ್ನು ಆ ಕೋಣೆಯಲ್ಲಿ ಇಟ್ಟವರು ನೀವು. ಬಾಗಿಲಿನ ಹಿಂದೆ ಬಲೆ ಇಡುವಾಗ ಡಂಜನ್ ಮಾಸ್ಟರ್ (ಆಟ ನಡೆಸುವವರು) ಆದವರು ಅದನ್ನು ಬಿಡಿಸುವ ಒಂದೆರಡು ದಾರಿಯನ್ನೂ ಯೋಚಿಸಿರುತ್ತಾರೆ. ಮಕ್ಕಳನ್ನು ಇಡುವಾಗ ಮಾತ್ರ 'ಏನು ಮಾಡುತ್ತಾರೋ ನೋಡೋಣ' ಎಂದು ಕೈಕಟ್ಟಿ ಕೂರುತ್ತಾರೆ. ನಾನೂ ಹಾಗೆ ಕೂತವನೇ, ಆದ್ದರಿಂದ ಬೈಯುವ ಹಕ್ಕು ನನಗಿಲ್ಲ.

ಈ ಇಕ್ಕಟ್ಟು ನಿಮ್ಮ ಮನೆಯಲ್ಲಿ ಹುಟ್ಟಿದ್ದಲ್ಲ. ಈ ಆಟ ಹುಟ್ಟುಹಾಕಿದವರಲ್ಲೊಬ್ಬರಾದ ಗ್ಯಾರಿ ಗೈಗ್ಯಾಕ್ಸ್ ಬರೆದ 'ದ ಕೀಪ್ ಆನ್ ದ ಬಾರ್ಡರ್‌ಲ್ಯಾಂಡ್ಸ್' ಎಂಬ ಸಾಹಸವನ್ನು (ಆಡಲು ಸಿದ್ಧವಾದ ಕಥಾಪುಸ್ತಿಕೆ) 1980ರ ಹೊತ್ತಿಗೆ ಹೊಸಬರ ಬೇಸಿಕ್ ಪೆಟ್ಟಿಗೆಯೊಳಗೇ ಇಟ್ಟು ಮಾರುತ್ತಿದ್ದರು. ಒಂದು ತಲೆಮಾರು ಆಟ ಕಲಿತದ್ದೇ ಅದರಿಂದ. ಒಂದು ಕಮರಿ, ಅದರ ಗೋಡೆಗಳಲ್ಲಿ ಗುಹೆಗಳು, ಒಂದೊಂದರಲ್ಲಿ ಒಂದೊಂದು ಪಂಗಡ: ಕೋಬೋಲ್ಡ್, ಆರ್ಕ್, ಗಾಬ್ಲಿನ್, ಹಾಬ್‌ಗಾಬ್ಲಿನ್, ನೋಲ್. ಗಂಡೆಷ್ಟು, ಹೆಣ್ಣೆಷ್ಟು, ಮರಿಗಳೆಷ್ಟು ಎಂದು ಜನಗಣತಿಯವರಂತೆ ಬರೆದಿಟ್ಟಿದ್ದಾರೆ. ಗೆದ್ದ ಮೇಲೆ ಆ ಮರಿಗಳನ್ನು ಏನು ಮಾಡಬೇಕು ಎಂಬುದನ್ನು ಆಡುವವರ ತಲೆಗೆ ಕಟ್ಟಿದ್ದಾರೆ. ಅಂದಿನಿಂದ ಜಗಳ ನಡೆದೇ ಇದೆ.

ಈಗ 'ಸರಿ ಯಾರು' ಎಂಬ ಪ್ರಶ್ನೆ. ಗಾಬ್ಲಿನ್ ಸತ್ತದ್ದು ಸರಿಯೋ ತಪ್ಪೋ ಎಂದು ನಾನು ತೀರ್ಪು ಕೊಡುವುದಿಲ್ಲ, ಅವನು ಎಷ್ಟು ಹಳ್ಳಿ ಸುಟ್ಟಿದ್ದಾನೋ ನನಗೇನು ಗೊತ್ತು. ಆದರೆ ರೋಗ್ ಪಾತ್ರದ ಗೆಳೆಯ ಮಾಡಿದ ತಪ್ಪು ಬೇರೆಯೇ ಇದೆ. ಮೇಜಿನ ಆಚೆ ಬದಿಯ ಗೆಳತಿ ಕೊಟ್ಟ ಮಾತನ್ನು, ಅದು ಇನ್ನೂ ಅವಳ ಬಾಯಲ್ಲಿರುವಾಗಲೇ, ಅವನು ಸುಳ್ಳು ಮಾಡಿದ. ಪ್ಯಾಲಡಿನ್ ಆಡುವವರಿಗೆ ಕೊಟ್ಟ ಮಾತೇ ಆಟದ ಮುಕ್ಕಾಲು ಪಾಲು. ಪ್ಯಾಲಡಿನ್‌ಗಳು ತೊಡುವ ಪ್ರತಿಜ್ಞೆಗಳಲ್ಲಿ ಅವಳದು ಡಿವೋಷನ್ (ನಿಷ್ಠೆ) ಆಗಿದ್ದರೆ, ಶತ್ರುವಿಗೆ ವಿವೇಕದಿಂದ ಕರುಣೆ ತೋರಬೇಕೆಂದು ನಿಯಮಪುಸ್ತಕದಲ್ಲೇ ಇದೆ. ವೆಂಜನ್ಸ್ (ಸೇಡು) ಪ್ರತಿಜ್ಞೆಯವರಿಗೂ ಕರುಣೆಯಿಲ್ಲದ್ದು ಪಣತೊಟ್ಟ ವೈರಿಗಳ ಮೇಲೆ ಮಾತ್ರ. ಸಾಮಾನ್ಯ ಎದುರಾಳಿಗೆ ಜೀವದಾನ ಕೊಡಲು ಅಡ್ಡಿಯಿಲ್ಲ.

ನಿಮ್ಮ ಪಾಲೂ ಇದರಲ್ಲಿದೆ. ಅವನು 'ಕೊಯ್ದೆ' ಎಂದ ಕೂಡಲೇ ನೀವು ರಕ್ತದ ವರ್ಣನೆಗೆ ಇಳಿದಿರಿ ಎಂದು ಊಹಿಸುತ್ತೇನೆ. ನನ್ನ ಮೇಜಿನಲ್ಲಿ ಯಾರಾದರೂ ಆಯುಧ ಕೆಳಗಿಟ್ಟರೆ ಆಟದ ಗಡಿಯಾರ ನಿಲ್ಲುತ್ತದೆ. 'ಇವನು ಶರಣಾಗಿದ್ದಾನೆ, ಒಪ್ಪುತ್ತೀರಾ?' ಎಂದು ಪಾತ್ರಗಳನ್ನಲ್ಲ, ಆಡುವವರನ್ನು ಕೇಳುತ್ತೇನೆ. ಒಬ್ಬರು ಬೇಡವೆಂದರೂ ಅಲ್ಲೇ ಚರ್ಚೆಯಾಗುತ್ತದೆ, ಸಾಮಾನ್ಯವಾಗಿ ಮೂರು ನಿಮಿಷದಲ್ಲಿ ಮುಗಿಯುತ್ತದೆ. ಒಪ್ಪಿದ ಮೇಲೆ ಆ ಮಾತು ಎಲ್ಲರದು. ಅನಂತರವೂ ಮುರಿಯುವವರು ಮುರಿಯಬಹುದು, ಆದರೆ ಆಗ ಅದು ಕಥೆಯೊಳಗಿನ ದ್ರೋಹವಾಗುತ್ತದೆ; ಗೆಳೆಯರ ಜಗಳವಾಗುವುದಿಲ್ಲ.

ಆ ಗೆಳೆಯನನ್ನು ಚಹಾ ಕುಡಿಯುವಾಗ ಒಮ್ಮೆ ವಿಚಾರಿಸಿ, ಏಕೆ ಕೊಂದೆ ಎಂದು. 'ಬಿಟ್ಟರೆ ರಾತ್ರಿ ಬಂದು ನಮ್ಮನ್ನೇ ಇರಿಯುತ್ತಾನೆ' ಎಂದರೆ ಅವನ ಮೇಲೆ ಸಿಟ್ಟಾಗಬೇಡಿ. ಯಾರೋ ಒಬ್ಬ ಡಂಜನ್ ಮಾಸ್ಟರ್ ಅವನಿಗೆ ಆ ಪಾಠ ಕಲಿಸಿದ್ದಾನೆ. ನಾನೇ ಒಂದು ತಂಡಕ್ಕೆ ಕಲಿಸಿದ್ದೇನೆ. ಏಳೆಂಟು ವರ್ಷಗಳ ಹಿಂದೆ ನನ್ನ ಆಟಗಾರರು ಒಬ್ಬ ಹಾಬ್‌ಗಾಬ್ಲಿನ್ ಕಾವಲುಗಾರನ ಪ್ರಾಣ ಉಳಿಸಿದರು, ಗಾಯಕ್ಕೆ ಪಟ್ಟಿ ಕಟ್ಟಿದರು, ತಮ್ಮ ರೊಟ್ಟಿಯಲ್ಲಿ ಪಾಲು ಕೊಟ್ಟರು. ಕಥೆಗೆ ತಿರುವು ಬೇಕೆಂಬ ಹುಕಿಯಲ್ಲಿ ನಾನು ಮೂರನೇ ರಾತ್ರಿ ಅವನ ಕೈಯಿಂದಲೇ ಗುಡಾರಕ್ಕೆ ಬೆಂಕಿ ಹಚ್ಚಿಸಿದೆ. ಎಲ್ಲರೂ ಹೌಹಾರಿದರು, ನಾನು ಒಳಗೊಳಗೇ ಬೀಗಿದೆ. ಅಲ್ಲಿಂದ ಮುಂದೆ ಎಂಟು ತಿಂಗಳು ಅವರ ಕೈಗೆ ಸಿಕ್ಕ ಒಬ್ಬ ಸೆರೆಯಾಳೂ ಬದುಕಲಿಲ್ಲ. ಅವರು ಕ್ರೂರಿಗಳಾಗಿರಲಿಲ್ಲ, ಲೆಕ್ಕ ಕಲಿತಿದ್ದರು. ಕೊಂದರೆ ನಷ್ಟವಿಲ್ಲ, ಬಿಟ್ಟರೆ ನಷ್ಟ ಎಂಬ ಲೆಕ್ಕವನ್ನು ನಾನೇ ಹಲಗೆಯ ಮೇಲೆ ಬರೆದು ತೋರಿಸಿದ್ದೆ.

ಹಳೆಯ ನಿಯಮಗಳಲ್ಲಿ ಲೆಕ್ಕ ಉಲ್ಟಾ ಇತ್ತು. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. 1974ರ ಮೊದಲ ಆಟದಲ್ಲೇ ಎದುರಾದ ಜೀವಿಯ ಮನಃಸ್ಥಿತಿಯನ್ನು ಎರಡು ಆರುಮುಖದ ದಾಳ ಎಸೆದು ತಿಳಿಯುವ ಪಟ್ಟಿಯಿತ್ತು. 1981ರ ಬೇಸಿಕ್ ಪುಸ್ತಕದಲ್ಲಿ ಅದು ಇನ್ನೂ ಸ್ಪಷ್ಟವಾಯಿತು. ಎರಡು ಬಿದ್ದರೆ ತಕ್ಷಣ ದಾಳಿ. ಮೂರರಿಂದ ಐದಕ್ಕೆ ಹಗೆತನ, ದಾಳಿಯಾಗಲೂಬಹುದು. ಆರರಿಂದ ಎಂಟಕ್ಕೆ ಗೊಂದಲ. ಒಂಬತ್ತರಿಂದ ಹನ್ನೊಂದಕ್ಕೆ ದಾಳಿಯಿಲ್ಲ, ಹೊರಟುಹೋಗುತ್ತದೆ ಅಥವಾ ನಿಮ್ಮ ಪ್ರಸ್ತಾವ ಕೇಳುತ್ತದೆ. ಹನ್ನೆರಡು ಬಿದ್ದರೆ ಗೆಳೆತನವೇ ಸರಿ. ಲೆಕ್ಕ ಹಾಕಿ ನೋಡಿ: ಕಂಡ ಕೂಡಲೇ ಮೇಲೆರಗುವ ಸಾಧ್ಯತೆ ಮೂವತ್ತಾರರಲ್ಲಿ ಒಂದು. ಗೊಂದಲದಲ್ಲಿ ನಿಲ್ಲುವ ಸಾಧ್ಯತೆ ಮೂವತ್ತಾರರಲ್ಲಿ ಹದಿನಾರು. ಎಂದರೆ ಕತ್ತಲ ಓಣಿಯಲ್ಲಿ ಎದುರಾಗುವ ಆರ್ಕ್ ಹತ್ತಿರಹತ್ತಿರ ಅರ್ಧದಷ್ಟು ಸಲ ನಿಮ್ಮಷ್ಟೇ ತಬ್ಬಿಬ್ಬಾಗಿ ನಿಂತಿರುತ್ತದೆ. ಮಾತಿಗೆ ಜಾಗ ಹುಟ್ಟುವುದೇ ಆ ತಬ್ಬಿಬ್ಬಿನಲ್ಲಿ.

ಇದರ ಜೊತೆಗೆ ಮೊರೇಲ್ (ಕೆಚ್ಚು) ಎಂಬ ಅಂಕ. ಗಾಬ್ಲಿನ್‌ಗೆ ಏಳು, ತಮ್ಮ ರಾಜ ಜೊತೆಗಿದ್ದು ಜೀವಂತವಾಗಿದ್ದರೆ ಒಂಬತ್ತು. ಪಂಗಡದಲ್ಲಿ ಮೊದಲ ಹೆಣ ಬಿದ್ದಾಗ ಒಮ್ಮೆ, ಅರ್ಧಕ್ಕರ್ಧ ಉರುಳಿದಾಗ ಇನ್ನೊಮ್ಮೆ ಎರಡು ದಾಳ ಎಸೆಯಬೇಕು. ಆ ಅಂಕಕ್ಕಿಂತ ಹೆಚ್ಚು ಬಿದ್ದರೆ ಓಡುತ್ತವೆ, ಇಲ್ಲವೇ ಶರಣಾಗುತ್ತವೆ. ಕೊನೆಯ ಉಸಿರಿನವರೆಗೆ ಹೋರಾಡುವುದು ಅಪರೂಪ. ಮನುಷ್ಯರೂ ಹಾಗೆ ಹೋರಾಡುವುದಿಲ್ಲವಲ್ಲ. ನಿಮ್ಮ ಐದನೇ ಆವೃತ್ತಿಯ 2014ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲೂ ಐಚ್ಛಿಕ ಮೊರೇಲ್ ನಿಯಮವಿದೆ, ಹತ್ತರ ವಿಸ್ಡಮ್ ಸೇವ್ (ದಾಳಕ್ಕೆ ವಿವೇಕದ ಅಂಕ ಸೇರಿಸಿ ಹತ್ತಾದರೂ ಬರಬೇಕು, ಇಲ್ಲದಿದ್ದರೆ ಓಡುತ್ತದೆ). ಹೆಚ್ಚಿನವರು ಆ ಪುಟ ತೆರೆದೇ ಇರುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಅನುಭವದ ಅಂಕ, ಪಾತ್ರಗಳು ಬಲಿಯುವುದು ಅದರಿಂದಲೇ. ಬೇಸಿಕ್ ಆಟದಲ್ಲಿ ಒಂದು ಗಾಬ್ಲಿನ್ ಕೊಂದರೆ ಐದು ಅಂಕ. ಒಂದು ಚಿನ್ನದ ನಾಣ್ಯವನ್ನು ಸುರಕ್ಷಿತವಾಗಿ ಹೊರಗೆ ತಂದರೆ ಒಂದು ಅಂಕ. ಮೇಲೆ ಹೇಳಿದ ಸಾಹಸದಲ್ಲಿ ಗಾಬ್ಲಿನ್‌ಗಳ ಪಕ್ಕದ ಗುಹೆಯಲ್ಲಿ ಒಬ್ಬ ಓಗರ್ (ದೈತ್ಯ) ಇದ್ದಾನೆ. ಅಪಾಯ ಬಂದಾಗ ಗಾಬ್ಲಿನ್‌ಗಳು 'ಬ್ರೀ-ಯಾರ್ಕ್' ಎಂದು ಕೂಗಿ, ಗುಪ್ತದ್ವಾರದ ಮೂಲಕ 250 ಚಿನ್ನದ ನಾಣ್ಯಗಳ ಚೀಲವನ್ನು ಅವನ ಕೋಣೆಗೆ ಎಸೆಯುತ್ತವೆ. ಅವನು ಗದೆ ಹಿಡಿದು ಬರುತ್ತಾನೆ. ಆ ಒಂದು ಚೀಲ ಐವತ್ತು ಗಾಬ್ಲಿನ್‌ಗಳ ಹೆಣಕ್ಕೆ ಸಮ! ಇದು ಗೊತ್ತಿರುವ ಆಟಗಾರ ಕತ್ತಿಗೆ ಕೈ ಹಾಕುವ ಮೊದಲು ಓಗರ್ ಜೊತೆ ವ್ಯಾಪಾರ ಕುದುರೀತೇ ಎಂದು ಯೋಚಿಸುತ್ತಾನೆ. ಧರ್ಮಬುದ್ಧಿಯಿಂದಲ್ಲ, ಲಾಭಕ್ಕಾಗಿ. ಆದರೂ ಮಾತು ಶುರುವಾಗುತ್ತದೆ.

ಆ 'ಬ್ರೀ-ಯಾರ್ಕ್' ಬಗ್ಗೆ ಇನ್ನೊಂದು ತಮಾಷೆ. ಅದೇ ಸಾಹಸದ ಗಾಳಿಸುದ್ದಿಗಳ ಪಟ್ಟಿಯಲ್ಲಿ ಅದು ಗಾಬ್ಲಿನ್ ಭಾಷೆಯಲ್ಲಿ 'ನಾವು ಶರಣಾದೆವು' ಎಂಬ ಅರ್ಥ ಕೊಡುತ್ತದೆ ಎಂದಿದೆ. ಸುದ್ದಿ ಸುಳ್ಳು, ಅದು ಸಹಾಯಕ್ಕೆ ಕರೆಯುವ ಕೂಗು. ನಂಬಿದವರು ಆಯುಧ ತಗ್ಗಿಸಿ ನಿಂತಿರುವಾಗ ಓಗರ್ ಪ್ರತ್ಯಕ್ಷ. ಎದುರಾಳಿಯ ಭಾಷೆ ಬಾರದೆ ಸಂಧಾನಕ್ಕೆ ಹೋದವರ ಪಾಡು ಇದಕ್ಕಿಂತ ಚೆನ್ನಾಗಿ ಬೇರೆಲ್ಲೂ ಬಂದಿಲ್ಲ ಎಂದು ನನ್ನ ಎಣಿಕೆ. ನಿಮ್ಮ ಆಟದಲ್ಲಿ ಪಾತ್ರಗಳ ಹಾಳೆಯಲ್ಲಿ ಯಾರ್ಯಾರಿಗೆ ಯಾವ ಭಾಷೆ ಬರುತ್ತದೆ ಎಂದು ಒಮ್ಮೆ ನೋಡಿಕೊಳ್ಳಿ. 'ಕಾಂಪ್ರಿಹೆಂಡ್ ಲ್ಯಾಂಗ್ವೇಜಸ್' ಮಂತ್ರ ಹಾಕಿದವರಿಗೆ ಗಾಬ್ಲಿನ್‌ಗಳ ಮಾತು ಅರ್ಥವಾಗುತ್ತದೆ, ತಿರುಗಿ ಆಡಲು ಬರುವುದಿಲ್ಲ. ಎರಡು ಗಾಬ್ಲಿನ್‌ಗಳು ತಮ್ಮ ಒಡೆಯನನ್ನು ಬೈದುಕೊಳ್ಳುವುದನ್ನು ಕೇಳಿಸಿಕೊಂಡು ಬಾಯಿ ಬಿಡಲಾಗದೆ ನಿಂತ ಮಂತ್ರವಾದಿಯ ಮುಖ ನೋಡಬೇಕು ನೀವು.

ಐದನೇ ಆವೃತ್ತಿಯಲ್ಲಿ ಚಿನ್ನಕ್ಕೆ ಅಂಕವಿಲ್ಲ, ಗಾಬ್ಲಿನ್‌ಗೆ 50 ಅಂಕವಿದೆ. ಹಾಗಾಗಿ ನಿಮ್ಮ ರೋಗ್ ಗೆಳೆಯನ ಕೈ ಕತ್ತಿಗೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಅದೇ ಗೈಡ್ ಪ್ರಕಾರ ಕೊಂದರೂ, ಓಡಿಸಿದರೂ, ಸೆರೆಹಿಡಿದರೂ ಅದು ಗೆಲುವೇ. ಅಂಕ ಪೂರ್ತಿ ಸಿಗುತ್ತದೆ. ಇದನ್ನು ಮೇಜಿನಲ್ಲಿ ಗಟ್ಟಿಯಾಗಿ ಓದಿ ಹೇಳಿ. ಸಂಧಾನ ಮಾಡಿಕೊಂಡರೂ ಪೂರ್ತಿ ಅಂಕ ಎಂದು ನೀವೇ ಸೇರಿಸಿ. ನೀತಿಬೋಧೆಗಿಂತ ಇದು ಬೇಗ ಕೆಲಸ ಮಾಡುತ್ತದೆ.

ಇನ್ನು ಬಾರ್ಡ್ ಮಹಾಶಯರ ಇಪ್ಪತ್ತೇಳು. 2000ದಲ್ಲಿ ಬಂದ ಮೂರನೇ ಆವೃತ್ತಿಯಿಂದ ಈ ರೋಗ ಅಂಟಿಕೊಂಡಿತು. ಅಲ್ಲಿ ಡಿಪ್ಲೊಮಸಿ (ಸಂಧಾನ) ಎಂಬ ಕೌಶಲಕ್ಕೆ, ದಾಳಕ್ಕೆ ಕೌಶಲದ ಅಂಕ ಸೇರಿಸಿದ ಮೊತ್ತ ಎಷ್ಟಿರಬೇಕೆಂದು ಪಕ್ಕಾ ಪಟ್ಟಿಯಿತ್ತು: ಹಗೆಯನ್ನು ತಟಸ್ಥನನ್ನಾಗಿಸಲು 25, ಗೆಳೆಯನನ್ನಾಗಿಸಲು 35, ಸಹಾಯಕ್ಕೆ ನಿಲ್ಲುವಂತೆ ಮಾಡಲು 50. ಕೌಶಲದ ಅಂಕ ಏರಿಸಿಕೊಂಡವನು ಡ್ರ್ಯಾಗನ್ ಮುಂದೆ ನಿಂತು ನಾಲ್ಕು ಮಾತಾಡಿದರೆ ಅದು ಬಾಲ ಅಲ್ಲಾಡಿಸಬೇಕು. ಆ ನೆನಪು ಇನ್ನೂ ಆಟಗಾರರ ತಲೆಯಲ್ಲಿದೆ. 2014ರ ಗೈಡ್ ಅದನ್ನು ಸದ್ದಿಲ್ಲದೆ ತಿದ್ದಿತು. ಅದರ ಪ್ರಕಾರ ಹಗೆತನದಲ್ಲಿರುವ ಜೀವಿಯ ಎದುರು ಹತ್ತು ಬಂದರೆ ಅದು ಸಹಾಯ ಮಾಡುವುದಿಲ್ಲ, ಕೇಡೂ ಮಾಡುವುದಿಲ್ಲ. ಇಪ್ಪತ್ತು ಬಂದರೆ, ತನಗೆ ಅಪಾಯವಾಗಲೀ ತ್ಯಾಗವಾಗಲೀ ಇಲ್ಲದಿದ್ದರೆ ಮಾತ್ರ ಕೇಳಿದ್ದನ್ನು ಮಾಡುತ್ತದೆ. ಅಲ್ಲಿಗೆ ಪಟ್ಟಿ ಮುಗಿಯಿತು. ಇಪ್ಪತ್ತೇಳಾಗಲಿ, ನಲವತ್ತಾಗಲಿ, ಶತ್ರು ತನ್ನ ಕತ್ತು ತಾನೇ ಒಡ್ಡುವುದಿಲ್ಲ. ಹೆಚ್ಚಿನದು ಬೇಕಿದ್ದರೆ ಮೊದಲು ಅದರ ಮನಸ್ಸನ್ನು ಹಗೆತನದಿಂದ ಸರಿಸಬೇಕು. ಅದಕ್ಕೆ ಬೇಕಾದದ್ದು ದಾಳವಲ್ಲ, ಕೊಡುಗೆ.

ಆದ್ದರಿಂದ ದಾಳಕ್ಕಿಂತ ಮೊದಲು ಮಾತಾಡಲಿ. 'ಏನು ಕೇಳುತ್ತೀಯ, ಬದಲಿಗೆ ಏನು ಕೊಡುತ್ತೀಯ?' ಎಂಬ ಎರಡಕ್ಕೆ ಬಾರ್ಡ್ ಉತ್ತರ ಕೊಟ್ಟ ಮೇಲೆಯೇ ನಾನು ದಾಳ ಮುಟ್ಟಲು ಬಿಡುವುದು. ಆಡುವವರಿಗೆ ಮಾತಿನ ಚಾತುರ್ಯ ಇರಬೇಕೆಂದಿಲ್ಲ, ನಾಚಿಕೆ ಸ್ವಭಾವದವರು ಸುಮ್ಮನೆ ವಿಷಯ ಹೇಳಿದರೂ ಸಾಕು. ಆದರೆ ವಿಷಯ ಇರಬೇಕು.

ನಮ್ಮ ಹಿರಿಯರು ಸಾಮ, ದಾನ, ಭೇದ, ದಂಡ ಎಂದು ಸಾಲಾಗಿ ಹೇಳಿದ್ದು ಸುಮ್ಮನೆ ಅಲ್ಲ. ದಂಡ ಕೊನೆಯದು. ನಾನು ಹೊಸ ಆಟಗಾರರಿಗೆ ಈ ನಾಲ್ಕನ್ನೇ ಚೀಟಿಯಲ್ಲಿ ಬರೆದು ಕೊಡುತ್ತೇನೆ. ಓಗರ್‌ಗೆ ಚೀಲ ಎಸೆಯುವುದು ದಾನ. ಕಮರಿಯ ಪಂಗಡಗಳನ್ನು ಒಂದರ ಮೇಲೊಂದು ಎತ್ತಿಕಟ್ಟುವುದು ಭೇದ. ಸಾಮಕ್ಕೆ ಮಾತ್ರ ನಿಮ್ಮ ತಯಾರಿ ಬೇಕು: ಎದುರಿನ ಜೀವಿಗೆ ಏನು ಬೇಕು, ಯಾರ ಭಯವಿದೆ ಎಂದು ಒಂದೊಂದು ಸಾಲು. 'ಗಾಬ್ಲಿನ್, 7 ಹಿಟ್ ಪಾಯಿಂಟ್' (ಪೆಟ್ಟು ತಾಳುವ ಅಂಕ) ಎಂದಷ್ಟೇ ಬರೆದಿಟ್ಟುಕೊಂಡರೆ ಅದು ಹೊಡೆಸಿಕೊಳ್ಳಲು ಮಾತ್ರ ಯೋಗ್ಯ. 'ಹಾಬ್‌ಗಾಬ್ಲಿನ್‌ಗಳಿಗೆ ಪ್ರತಿ ಹುಣ್ಣಿಮೆಗೆ ಹತ್ತು ಕುರಿ ಕಪ್ಪ ಕೊಡಬೇಕು, ಈ ಸಲ ಆರೇ ಇವೆ' ಎಂದು ಬರೆದುಕೊಂಡರೆ ಅದು ತಾನಾಗಿಯೇ ಬಾಯಿ ಬಿಡುತ್ತದೆ.

ಜೀವಿಯ ಸ್ವಭಾವ ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳುವ ಅಲೈನ್‌ಮೆಂಟ್ ಎಂಬ ಹಣೆಪಟ್ಟಿಗೆ ಬಹಳ ಬೆಲೆ ಕೊಡಬೇಡಿ. ಮೊದಲ ಆಟದಲ್ಲಿ ಲಾ (ವ್ಯವಸ್ಥೆ), ನ್ಯೂಟ್ರಾಲಿಟಿ (ತಟಸ್ಥತೆ), ಕೇಯಾಸ್ (ಅವ್ಯವಸ್ಥೆ) ಎಂಬ ಮೂರೇ ಪಕ್ಷಗಳಿದ್ದವು. ಒಳಿತು ಕೆಡುಕುಗಳು ಸೇರಿ ಒಂಬತ್ತು ಮನೆಗಳಾದದ್ದು ಆಮೇಲೆ. 2014ರ ಮಾನ್‌ಸ್ಟರ್ ಮ್ಯಾನ್ಯುಯಲ್ ಕೂಡ ತನ್ನ ಹಣೆಪಟ್ಟಿಗಳು ಮೊದಲಿಗೆ ಕೊಟ್ಟವು ಅಷ್ಟೇ, ಬೇಕಿದ್ದರೆ ಬದಲಿಸಿಕೊಳ್ಳಿ ಎನ್ನುತ್ತದೆ. ಅಂದಹಾಗೆ 1977ರ ಮ್ಯಾನ್ಯುಯಲ್‌ನಲ್ಲಿ ನಮ್ಮ ರಾಕ್ಷಸನೂ ಸೇರಿಕೊಂಡಿದ್ದಾನೆ, ಹುಲಿತಲೆ ಹೊತ್ತು, ಅಪ್ಪಟ ದುಷ್ಟನಾಗಿ. ವಿಭೀಷಣ, ಘಟೋತ್ಕಚರ ಕಥೆ ಕೇಳಿ ಬೆಳೆದ ನಮಗೆ ಅವನು ಸ್ವಲ್ಪ ಬಡಪಾಯಿಯಾಗಿಯೇ ಕಾಣುತ್ತಾನೆ.

ಸಂಧಿಯೆಂದರೆ ಎಲ್ಲವೂ ಒಳ್ಳೆಯದೇ ಎಂದು ನಾನು ಹೇಳುತ್ತಿಲ್ಲ. ಏಕಚಕ್ರನಗರದವರು ಬಕಾಸುರನೊಂದಿಗೆ ಮಾಡಿಕೊಂಡದ್ದೂ ಒಪ್ಪಂದವೇ. ಒಂದು ಬಂಡಿ ಅನ್ನ, ಎರಡು ಕೋಣ, ಸರದಿಯಂತೆ ಮನೆಗೊಬ್ಬ ಮನುಷ್ಯ. ಊರು ಉಳಿದಿತ್ತು, ಬಕನೂ ಮಾತಿಗೆ ತಪ್ಪುತ್ತಿರಲಿಲ್ಲ. ಒಪ್ಪಂದ ಮುರಿದದ್ದು ಭೀಮ! ಮಾನ್‌ಸ್ಟರ್ ಜೊತೆಗಿನ ರಾಜಿಯಲ್ಲಿ ನಿಜವಾದ ನೈತಿಕ ಪ್ರಶ್ನೆ ಅಡಗಿರುವುದು ಇಲ್ಲಿ, ಬೆಲೆ ತೆರುವವರು ಮಾತುಕತೆಯಲ್ಲಿ ಇದ್ದರೇ ಎಂಬುದರಲ್ಲಿ. ನನ್ನ ಈಗಿನ ಕ್ಯಾಂಪೇನ್‌ನಲ್ಲಿ (ವಾರವಾರ ಮುಂದುವರಿಯುವ ಕಥೆ) ಆಟಗಾರರು ಸೇತುವೆ ಕಾಯುವ ಟ್ರೋಲ್ ಎಂಬ ದೈತ್ಯಜೀವಿಯ ಜೊತೆ ಜಾಣತನದ ಒಪ್ಪಂದ ಮಾಡಿಕೊಂಡರು: ವ್ಯಾಪಾರಿಗಳ ಬಂಡಿ ಮುಟ್ಟಬೇಡ, ಕಾಡಿನ ಆಚೆ ಬದಿಯಲ್ಲಿ ಬೇಟೆಯಾಡಿಕೋ. ಆಚೆ ಬದಿಯಲ್ಲಿ ಕುರುಬರ ಹಟ್ಟಿಯಿತ್ತು. ಅದು ನಕ್ಷೆಯಲ್ಲಿ ಮೊದಲಿನಿಂದಲೂ ಇತ್ತು, ಯಾರೂ ಕೇಳಲಿಲ್ಲ. ಟ್ರೋಲ್ ಮಾತಿಗೆ ತಪ್ಪಲಿಲ್ಲ. ಎರಡು ತಿಂಗಳ ಮೇಲೆ ಒಬ್ಬ ಮುದುಕಿ ಬಂದು, ನಮ್ಮ ಮಂದೆಯನ್ನು ಅದಕ್ಕೆ ಬರೆದುಕೊಡಲು ನೀವು ಯಾರು ಎಂದಾಗ ಮೇಜು ಸ್ತಬ್ಧವಾಯಿತು. ಇದಕ್ಕೂ ನನ್ನ ಹಳೆಯ ಗುಡಾರದ ಬೆಂಕಿಗೂ ವ್ಯತ್ಯಾಸವಿದೆ. ಅಲ್ಲಿ ನಾನು ಕರುಣೆಗೆ ದಂಡ ಹಾಕಿದ್ದೆ. ಇಲ್ಲಿ ಅವರು ಕೇಳಿದ್ದರೆ ತಿಳಿಯಬಹುದಾಗಿದ್ದ ಸಂಗತಿ ತಡವಾಗಿ ಬಂದು ಬಾಗಿಲು ತಟ್ಟಿತು. ಬಿಟ್ಟುಬಿಟ್ಟ ಜೀವಿ ಎಂದೂ ದ್ರೋಹ ಮಾಡಬಾರದೆಂದಲ್ಲ. ಮಾಡುವುದಿದ್ದರೆ ಅದರ ಕಾರಣ ಮೊದಲೇ ಕಣ್ಣಿಗೆ ಬಿದ್ದಿರಲಿ, ಅದೂ ಹತ್ತರಲ್ಲಿ ಒಮ್ಮೆ.

ಈಗ ಆ ಮರಿಗಳು. ದಯವಿಟ್ಟು ಅವುಗಳನ್ನು ಕೊಲ್ಲುವ ಆಯ್ಕೆಯನ್ನು ಮೇಜಿನಿಂದಲೇ ತೆಗೆದುಬಿಡಿ. 'ಇದು ನಮಗೆಲ್ಲ ಮನರಂಜನೆ ಅಲ್ಲ, ಆದ್ದರಿಂದ ನಮ್ಮ ಆಟದಲ್ಲಿ ಇದು ನಡೆಯುವುದಿಲ್ಲ' ಎಂದು ಹೇಳುವ ಅಧಿಕಾರ ನಿಮಗಿದೆ, ಆಡುವವರಿಗೂ ಇದೆ. ವಾರವಿಡೀ ಕಚೇರಿಯಲ್ಲಿ ದುಡಿದು ಭಾನುವಾರ ಬರುವ ಗೆಳೆಯರು ಶಿಶುಹತ್ಯೆಯ ತರ್ಕ ಮಾಡಲು ಬರುವುದಿಲ್ಲ. ಅಷ್ಟು ತೆಗೆದ ಮೇಲೆ ಉಳಿಯುವ ಪ್ರಶ್ನೆಗಳೇ ಸೊಗಸಾದವು. ಯಾರು ಸಾಕುತ್ತಾರೆ, ಏನು ತಿನ್ನಿಸುತ್ತಾರೆ, ಹತ್ತಿರದ ಊರಿನ ಜನ ಒಪ್ಪುತ್ತಾರೆಯೇ, ಗಾಬ್ಲಿನ್‌ಗಳ ಬೇರೆ ಗುಂಪು ಹತ್ತಿರದಲ್ಲಿದೆಯೇ. ಉತ್ತರಗಳನ್ನು ನೀವು ಎರಡು ಮೂರು ಸಿದ್ಧವಾಗಿಟ್ಟುಕೊಳ್ಳಿ, ಆಟಗಾರರು ನಾಲ್ಕನೆಯದನ್ನು ತರುತ್ತಾರೆ. ಸೆರೆಯಾಳುಗಳನ್ನು ಹೊತ್ತು ತಿರುಗುವ ರಗಳೆಯನ್ನು ಮಾತ್ರ ಬೇಗ ಮುಗಿಸಿ. ಪ್ರತಿ ದಿನದ ಅನ್ನ, ಹಗ್ಗ, ಕಾವಲಿನ ಲೆಕ್ಕ ಕೇಳತೊಡಗಿದರೆ ಮುಂದಿನ ಬಾರಿ ಯಾರೂ ಸೆರೆ ಹಿಡಿಯುವುದಿಲ್ಲ.

ಮುಂದಿನ ಭಾನುವಾರ ಆಟವನ್ನು ಜಗಳ ನಿಂತ ಜಾಗದಿಂದ ಆರಂಭಿಸಬೇಡಿ. ಗುಹೆಯ ಬಾಯಿಂದ ಆರಂಭಿಸಿ. ಬೇಟೆಗೆ ಹೋಗಿದ್ದ ಒಬ್ಬ ಮುದಿ ಗಾಬ್ಲಿನ್ ಹೆಗಲ ಮೇಲೆ ಮೇಕೆ ಹೊತ್ತು ಹಿಂದಿರುಗಿದ್ದಾಳೆ. ಆಯುಧವೆಂದರೆ ಅವಳ ಊರುಗೋಲು. ಒಳಗೆ ಏನಾಯಿತೆಂದು ಸಂದಿಯಿಂದ ನೋಡುತ್ತಿದ್ದ ಮರಿಯೊಂದು ಓಡಿಬಂದು ಅವಳ ಕಿವಿಯಲ್ಲಿ ಹೇಳಿದೆ. ಎರಡು ದಾಳ ಎಸೆಯಿರಿ, ಎಲ್ಲರಿಗೂ ಕಾಣುವಂತೆ. ಆರು, ಏಳು, ಎಂಟು ಬಿದ್ದರೆ ಅವಳು ಓಡುವುದಿಲ್ಲ, ಹತ್ತಿರವೂ ಬರುವುದಿಲ್ಲ. ಮೇಕೆಯನ್ನು ಕೆಳಗಿಳಿಸಿ, ಹರಕುಮುರುಕು ಕಾಮನ್ ಭಾಷೆಯಲ್ಲಿ (ಆಟದ ಲೋಕದ ಸಾಮಾನ್ಯ ಆಡುಮಾತು) ಕೇಳುತ್ತಾಳೆ: 'ಜೀವಕ್ಕೆ ಹೊಣೆ ಎಂದವರು ನಿಮ್ಮಲ್ಲಿ ಯಾರು?'

ಆಮೇಲೆ ನೀವು ಸುಮ್ಮನಿರಿ. ಪ್ಯಾಲಡಿನ್ ಗೆಳತಿ ಏನೋ ಹೇಳುತ್ತಾಳೆ. ಅವಳಿಗಿಂತ ಮೊದಲು ರೋಗ್ ಬಾಯಿ ಬಿಟ್ಟರೆ ಬಿಡಲಿ.